ಊಟಿಯ ಚಳಿಯಲ್ಲಿ ಥರೋಬ್ರೆಡ್ ಕುದುರೆಗೆ ಹೊದಿಕೆ ಬೇಕೇ?

ಪ್ರಶ್ನೆ (ಊಟಿಯಿಂದ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ರೇಸಿನಿಂದ ನಿವೃತ್ತವಾಗಿದ್ದ, ವಯಸ್ಸಾದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಯೊಂದನ್ನು ನವೆಂಬರ್ ಆರಂಭದಲ್ಲಿ ನಮ್ಮ ತೋಟಕ್ಕೆ ಕರೆತಂದಿದ್ದೇವೆ. ಹಗಲಿನಲ್ಲಿ 20 ಡಿಗ್ರಿಯಷ್ಟು ಬಿಸಿಲಿದ್ದರೂ ಈಗ ರಾತ್ರಿ ಮೂರು ನಾಲ್ಕು ಡಿಗ್ರಿಗೆ ಇಳಿಯುತ್ತಿದೆ. ಬೆಳಿಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ. ಲಾಯಕ್ಕೆ ಸೂರು ಮತ್ತು ಮೂರು ಕಡೆ ಗೋಡೆ ಇದೆ, ಮುಂಭಾಗ ತೆರೆದಿದೆ. ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಇಲ್ಲಿನ ಕುದುರೆಗಳು ಏನೂ ಹೊದೆಯದೆ ರಾತ್ರಿಯಿಡೀ ಬಯಲಿನಲ್ಲೇ ನಿಲ್ಲುವುದನ್ನು ತೋರಿಸಿ, ನಮ್ಮ ಲಾಯ ನೋಡಿಕೊಳ್ಳುವ ಹಿರಿಯರು ಕಂಬಳಿ ಬೇಡವೆನ್ನುತ್ತಾರೆ. ಮಗಳು ಹೊದಿಸಲೇಬೇಕೆಂದು ಹಟ ಹಿಡಿದಿದ್ದಾಳೆ. ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಯಾವುದನ್ನು ನೋಡಿ ನಿರ್ಧರಿಸಬೇಕು?

ಉತ್ತರ 1 (ಮಿನ್ನೆಸೋಟಾದಿಂದ)

ಅಮೆರಿಕದ ಉತ್ತರ ಭಾಗದಲ್ಲಿ ನಾನಿರುವ ಕಡೆ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು, ಆದರೂ ಬಹಳಷ್ಟು ಕುದುರೆಗಳು ಹೊದಿಕೆಯಿಲ್ಲದೆ ಆರೋಗ್ಯವಾಗಿರುತ್ತವೆ. ಚಳಿಯಾದಾಗ ಅವುಗಳ ದಟ್ಟ ರೋಮ ನೆಟ್ಟಗೆ ನಿಂತು, ನಡುವೆ ಸಿಕ್ಕಿಕೊಂಡ ಗಾಳಿ ಮೈಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಅಂಥ ಕುದುರೆಗೆ ತೆಳುವಾದ ಹೊದಿಕೆ ಹಾಕಿದರೆ ರೋಮ ಚಪ್ಪಟೆಯಾಗಿ, ಇದ್ದ ರಕ್ಷಣೆಯೂ ಕಡಿಮೆಯಾಗಬಹುದು.

ಆದರೆ ಇದನ್ನು ಓದಿ ನಿಮ್ಮ ಕುದುರೆಗೂ ಹೊದಿಕೆ ಬೇಡವೆಂದು ತೀರ್ಮಾನಿಸಬೇಡಿ. ಚಳಿಗಾಲದ ರೋಮ ಬೆಳೆಯಲು ಮುಖ್ಯ ಪ್ರೇರಣೆ ಹಗಲು ಕುಗ್ಗುತ್ತಾ ಹೋಗುವುದು. ತಂಪು ಅದಕ್ಕೆ ಜೊತೆಗೂಡುತ್ತದೆ. ಇಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಆರೂಮುಕ್ಕಾಲು ಗಂಟೆಯಷ್ಟು ಅಂತರವಿದ್ದರೆ, ಊಟಿಯಲ್ಲಿ ಅದು ಒಂದೂಕಾಲು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಬೆಂಗಳೂರಿನಿಂದ ನವೆಂಬರಿನಲ್ಲಿ ಬಂದ ಕುದುರೆಯ ಮೈಮೇಲೆ ಬೆಂಗಳೂರಿನ ಗಿಡ್ಡ ರೋಮವೇ ಇರುತ್ತದೆ. ದಟ್ಟ ರೋಮವಿದ್ದು ಮೈ ಒಣಗಿರುವ ಕುದುರೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನವರೆಗೂ ಹೆಚ್ಚುವರಿ ಶಕ್ತಿ ವ್ಯಯಿಸದೆ ತನ್ನ ಶಾಖ ಕಾಯ್ದುಕೊಳ್ಳಬಲ್ಲದು. ಗಿಡ್ಡ ರೋಮದ ಅಥವಾ ನೆನೆದ ಕುದುರೆಗೆ ಆ ಗಡಿ ಸುಮಾರು 5 ಡಿಗ್ರಿಯಲ್ಲೇ ಬಂದುಬಿಡುತ್ತದೆ. ನಿಮ್ಮ ರಾತ್ರಿಗಳು ಆ ಗಡಿ ದಾಟುತ್ತಿವೆ.

ಉತ್ತರ 2 (ಪಶುವೈದ್ಯ, ಮೈಸೂರಿನಿಂದ)

ಕಿವಿಯನ್ನು ಮಾತ್ರ ನಂಬಬೇಡಿ. ಚಳಿಯಲ್ಲಿ ದೇಹದ ತುದಿಭಾಗಗಳಿಗೆ ರಕ್ತ ಕಡಿಮೆ ಹರಿಯುವುದು ಸಹಜ. ನಸುಕಿನಲ್ಲಿ ಹೋಗಿ ನೋಡಿ: ತೊಡೆ ಮತ್ತು ಪಕ್ಕೆಗಳಲ್ಲಿ ನಡುಕವಿದೆಯೇ, ಬಾಲವನ್ನು ಒತ್ತಿ ಹಿಡಿದು ಗಾಳಿಗೆ ಬೆನ್ನು ತಿರುಗಿಸಿ ನಿಂತಿದೆಯೇ? ನಡುಕ ಮುಂದುವರಿದರೆ ಹೊದಿಸಲು ಹಿಂಜರಿಯಬೇಕಿಲ್ಲ. ಪಕ್ಕೆಯ ಮೇಲೆ ಅಂಗೈ ಆಡಿಸಿಯೂ ನೋಡಬೇಕು, ಏಕೆಂದರೆ ರೋಮದ ಕೆಳಗೆ ಕುದುರೆ ಸೊರಗಿರುವುದು ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ.

ಹೊದಿಕೆಗಿಂತ ಮೊದಲು ಮೇವಿನ ಕಡೆ ಗಮನ ಕೊಡಿ ಎಂದು ನಾನು ಒತ್ತಾಯಿಸುತ್ತೇನೆ. ಒಣಹುಲ್ಲಿನ ನಾರು ದೊಡ್ಡ ಕರುಳಿನಲ್ಲಿ ಹುದುಗುವಾಗ ಹುಟ್ಟುವ ಶಾಖವೇ ಕುದುರೆಯನ್ನು ರಾತ್ರಿಯಿಡೀ ಬೆಚ್ಚಗಿಡುತ್ತದೆ. ಚಳಿಯೆಂದು ಹುರುಳಿಯನ್ನೋ ಓಟ್ಸನ್ನೋ ಹೆಚ್ಚಿಸಿದರೆ ಆ ಪ್ರಯೋಜನ ಅಷ್ಟಾಗಿ ಸಿಗದು. 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಒಣಹುಲ್ಲು ಬೇಕು, ಅದರಲ್ಲಿ ದೊಡ್ಡ ಪಾಲನ್ನು ಸಂಜೆಯ ನಂತರ ಹಾಕಿ. ವಯಸ್ಸಾದ ಕುದುರೆಯಾದ್ದರಿಂದ ಹಲ್ಲು ಪರೀಕ್ಷೆ ಮಾಡಿಸಿ. ಅಗಿಯಲಾಗದಿದ್ದರೆ ಎಷ್ಟು ಹಾಕಿದರೂ ಫಲವಿಲ್ಲ. ನೀರು ತೀರಾ ತಣ್ಣಗಿದ್ದರೆ ಕಡಿಮೆ ಕುಡಿದು, ಸಗಣಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುವ ಅಪಾಯವಿದೆ, ಆದ್ದರಿಂದ ಉಗುರುಬೆಚ್ಚಗಿನ ನೀರು ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ರೋಮ ಗಿಡ್ಡವಾಗಿಯೇ ಇದೆ, ಪಕ್ಕೆಲುಬುಗಳು ಕೈಗೆ ಸುಲಭವಾಗಿ ಸಿಗುತ್ತವೆ, ನಸುಕಿನಲ್ಲಿ ತೊಡೆ ನಡುಗುತ್ತಿತ್ತು. ಮನೆಯಲ್ಲಿರುವ ಕುರಿ ಉಣ್ಣೆಯ ಕಂಬಳಿಯನ್ನು ಹಗ್ಗದಿಂದ ಬಿಗಿದು ಹೊದಿಸಬಹುದೇ?

ಉತ್ತರ 2 (ಪಶುವೈದ್ಯ, ಮೈಸೂರಿನಿಂದ)

ಹಾಗಾದರೆ ನಿಮ್ಮ ಮಗಳ ಮಾತು ಸರಿ, ಹೊದಿಸಿ. ಆದರೆ ಹಗ್ಗ ಬಿಗಿದ ಕಂಬಳಿ ಬೇಡ: ಕುದುರೆ ಮಲಗಿ ಏಳುವಾಗ ಅದು ಜಾರಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಮಳೆಯ ಎರಚಲು ಬಡಿದರೆ ನೀರು ಹೀರಿ ಭಾರವಾಗುತ್ತದೆ. ಎದೆಯ ಮುಂದೆ ಬಕಲ್, ಹೊಟ್ಟೆಯ ಕೆಳಗೆ ಪಟ್ಟಿ ಇರುವ, ನೀರು ಒಳಗಿಳಿಯದೆ ಬೆವರಿನ ಆವಿ ಮಾತ್ರ ಹೊರಹೋಗುವಂಥ ಕುದುರೆಯ ರಗ್ಗನ್ನೇ ಕೊಳ್ಳಿ. ಎದೆಯ ನಡುವಿನಿಂದ ಬಾಲದ ಬುಡದವರೆಗೆ ಪಕ್ಕದಿಂದ ಅಳೆದರೆ ಅಳತೆ ಸಿಗುತ್ತದೆ. ಒದ್ದೆ ಮೈಗೆ ಹೊದಿಸಬಾರದು, ಉಜ್ಜಿ ಒಣಗಿಸಿದ ಮೇಲೆಯೇ ಹೊದಿಸಬೇಕು.

ಊಟಿಯಲ್ಲಿ ನಿಜವಾದ ತೊಂದರೆ ಬೆಳಿಗ್ಗೆ ಶುರುವಾಗುತ್ತದೆ. ಬಿಸಿಲೇರಿದ ಮೇಲೂ ಹೊದಿಕೆ ಮೈಮೇಲಿದ್ದರೆ ಕುದುರೆ ಒಳಗೊಳಗೇ ಬೆವರುತ್ತದೆ, ಸಂಜೆ ಅದೇ ಒದ್ದೆ ಮೈಯಲ್ಲಿ ಮತ್ತೆ ತಣ್ಣಗಾಗುತ್ತದೆ. ಆದ್ದರಿಂದ ಬಿಸಿಲು ಬೀಳುತ್ತಿದ್ದಂತೆ ತೆಗೆದು, ಹೆಗಲಿನಲ್ಲೂ ಎದೆಯಲ್ಲೂ ರೋಮ ಸವೆದಿದೆಯೇ, ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು.

ಉತ್ತರ 1 (ಮಿನ್ನೆಸೋಟಾದಿಂದ)

ನಾರ್ವೆಯ ಸಂಶೋಧಕರು 23 ಕುದುರೆಗಳಿಗೆ ಫಲಕದ ಮೇಲಿನ ಚಿಹ್ನೆಗಳನ್ನು ಮೂತಿಯಿಂದ ಮುಟ್ಟಿ, ಹೊದಿಕೆ ಬೇಕು, ತೆಗೆಯಿರಿ, ಇದ್ದಂತೆಯೇ ಇರಲಿ ಎಂದು ತಿಳಿಸುವುದನ್ನು ಕಲಿಸಿ, ಆ ಅಧ್ಯಯನವನ್ನು 2016ರಲ್ಲಿ ಪ್ರಕಟಿಸಿದರು. ಬಿಸಿಲಿನ ದಿನ ಅವು ಹೊದಿಕೆ ತೆಗೆಸಿಕೊಂಡವು, ಮಳೆಗಾಳಿಯ ಚಳಿಯಲ್ಲಿ ಬೇಕೆಂದವು. ಹಾಗಾಗಿ ನಿಮ್ಮ ಲಾಯದ ತೆರೆದ ಮುಂಭಾಗಕ್ಕೆ ಗಾಳಿ ನೇರವಾಗಿ ಬಡಿಯುತ್ತಿದ್ದರೆ, ರಗ್ಗು ಬರುವವರೆಗೆ ಅರ್ಧದವರೆಗಾದರೂ ಹಲಗೆ ಕಟ್ಟಿಸಿ, ನೆಲಕ್ಕೆ ಒಣ ಹುಲ್ಲನ್ನು ದಪ್ಪವಾಗಿ ಹಾಸಿ.