ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆಹುಳು ಸೊಪ್ಪು ಬಿಟ್ಟಿದೆ: ಇದು ಹಾಲುತೊಂಡೆ ರೋಗವೇ?

ಪ್ರಶ್ನೆ: ಮೇಡಂ, ನಾಲ್ಕನೇ ಜ್ವರ ಎದ್ದ ರೇಷ್ಮೆಹುಳುಗಳಲ್ಲಿ ಕೆಲವು ಸೊಪ್ಪು ತಿನ್ನುತ್ತಿಲ್ಲ, ಬೆಳವಣಿಗೆಯೂ ಕುಂಠಿತವಾಗಿದೆ. ಹಿಕ್ಕೆ ನೀರಾಗಿ ಬಿಳಿಚಿಕೊಂಡಿದೆ. ಮೈ ಊದಿಲ್ಲ, ಹಾಲಿನಂಥ ರಸ ಸೋರುತ್ತಿಲ್ಲ. ಹಾಲುತೊಂಡೆಯೇ ಇರಬಹುದಾ?

ಉತ್ತರ (ಕೀಟರೋಗ ತಜ್ಞೆ): ನೀವು ಹೇಳಿದ್ದು ಸಪ್ಪೆ ರೋಗಕ್ಕೆ ಹೆಚ್ಚು ಹೊಂದುತ್ತದೆ. ಕಾರಣ ಸೈಪೋವೈರಸ್ ಎಂಬ ಕರುಳಿನ ವೈರಸ್ ಇರಬಹುದೆಂಬ ಅನುಮಾನ ನನಗೆ. ಒಂದು ಹುಳುವನ್ನು ಸೀಳಿ ನಡುಗರುಳು ನೋಡಿ. ಒಳ್ಳೆಯ ಹುಳುವಿನದು ಸೊಪ್ಪಿನ ಹಸಿರು ಬಣ್ಣದಲ್ಲಿರುತ್ತದೆ. ಈ ವೈರಸ್ ತಗುಲಿದ್ದರೆ ಹಿಂಭಾಗದಿಂದ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಾ ಬಂದಿರುತ್ತದೆ. ಆ ಬಿಳುಪು ಕರುಳಿನ ಕೋಶಗಳಲ್ಲಿ ಕಿಕ್ಕಿರಿದ ಪ್ರೋಟೀನ್ ಹರಳುಗಳದ್ದು, ಒಂದೊಂದು ಹರಳಿನೊಳಗೂ ವೈರಸ್ ಕಣಗಳು ಹುದುಗಿರುತ್ತವೆ. ಹಾಲುತೊಂಡೆಯದು ಡಿಎನ್ಎ ವೈರಸ್, ಕೋಶದ ನ್ಯೂಕ್ಲಿಯಸ್‌ನಲ್ಲಿ ಬೆಳೆದು ಮೈಯೆಲ್ಲ ಹರಡುತ್ತದೆ. ಸೈಪೋವೈರಸ್ ಎರಡೆಳೆ ಆರ್‌ಎನ್ಎ ವೈರಸ್, ಸೈಟೋಪ್ಲಾಸಂನಲ್ಲೇ ಬೆಳೆದು ಕರುಳಿಗೇ ಅಂಟಿಕೊಂಡಿರುತ್ತದೆ. ಅದಕ್ಕೇ ಹುಳು ತಟ್ಟನೆ ಸಾಯದೆ ಸೊರಗುತ್ತದೆ.

ಇನ್ನೊಬ್ಬರ ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿ. ಎರಡೆಳೆ ಆರ್‌ಎನ್ಎ ಇದ್ದರೆ ಏನು ವಿಶೇಷ ಮೇಡಂ?

ಉತ್ತರ: ಒಳ್ಳೆಯ ಪ್ರಶ್ನೆ, ನನಗೆ ತುಂಬ ಇಷ್ಟದ ವಿಷಯ. ಎರಡೆಳೆ ಆರ್‌ಎನ್ಎಯನ್ನು ನೇರವಾಗಿ ಓದುವ ಸಾಧನ ಕೀಟದ ಕೋಶಕ್ಕಿಲ್ಲ. ಕಣ್ಣಿಗೆ ಬಿದ್ದರೆ ಕತ್ತರಿಸಿ ಹಾಕುವ ಕಿಣ್ವ ಮಾತ್ರ ಇದೆ. ಹಾಗಾಗಿ ಈ ವೈರಸ್ ತನ್ನ ಆರ್‌ಎನ್ಎಯನ್ನು, ಸಾಮಾನ್ಯವಾಗಿ 10 ತುಂಡು, ಕವಚದಿಂದ ಹೊರಗೆ ಬಿಡುವುದೇ ಇಲ್ಲ. ನಕಲು ತೆಗೆಯುವ ಕಿಣ್ವವೂ ಒಳಗೇ ಇದೆ. ಪ್ರೋಟೀನ್ ಮಾಡಲು ಕೋಶ ಓದಬಲ್ಲ ಪ್ರತಿಯಾಗಿ ತಯಾರಾದ ಎಂಆರ್‌ಎನ್ಎ ಕವಚದ 12 ಮೂಲೆಗಳ ಗೋಪುರಗಳ ಮೂಲಕ ಹೊರಬರುತ್ತದೆ, ಬರುವಾಗಲೇ ಅದರ ತುದಿಗೆ ಒಂದು ರಾಸಾಯನಿಕ ಟೋಪಿ ಕೂರುತ್ತದೆ. ಎಂಆರ್‌ಎನ್ಎಗೆ ಇಂಥ ಟೋಪಿ ಇರುತ್ತದೆಂದು 1975ರಲ್ಲಿ ಮೊದಲು ತೋರಿಸಿಕೊಟ್ಟ ವೈರಸ್‌ಗಳಲ್ಲಿ ರೇಷ್ಮೆಹುಳುವಿನ ಈ ವೈರಸ್ಸೂ ಒಂದು. ಇಂದಿನ ಎಂಆರ್‌ಎನ್ಎ ಲಸಿಕೆಗಳಿಗೂ ಆ ಟೋಪಿ ಬೇಕೇ ಬೇಕು!

ಮೊದಲಿನವರು: ಸೀಳಿ ನೋಡಿದೆ ಮೇಡಂ, ಕರುಳು ಬೆಳ್ಳಗಿದೆ. ಔಷಧಿ ಏನು?

ಉತ್ತರ: ತಗುಲಿದ ಹುಳುವಿಗೆ ಔಷಧಿಯಿಲ್ಲ, ಉಳಿದವನ್ನು ಕಾಪಾಡಿಕೊಳ್ಳಬೇಕು. ಸೊರಗಿದ ಹುಳುಗಳನ್ನು ಈಗಲೇ ಆರಿಸಿ ಸುಟ್ಟುಬಿಡಿ. ಹಿಕ್ಕೆಯಲ್ಲಿ ಹರಳುಗಳಿರುತ್ತವೆ, ಅದು ಮೆತ್ತಿದ ಸೊಪ್ಪು ತಿಂದ ಹುಳುವಿಗೂ ರೋಗ ಬರುತ್ತದೆ. ಹಾಸಿಗೆ ಬೇಗ ಬದಲಿಸಿ, ತೆಗೆದದ್ದನ್ನು ಮನೆಯ ಹತ್ತಿರ ಗುಡ್ಡೆ ಹಾಕಬೇಡಿ. ಬೆಳೆ ಮುಗಿದ ಮೇಲೆ ಸೋಂಕುನಿವಾರಕಕ್ಕೆ ಅರಳಿದ ಸುಣ್ಣ ಸೇರಿಸುವುದನ್ನು ಮರೆಯಬೇಡಿ. ಈ ಹರಳು ಕರಗುವುದು ಕ್ಷಾರದಲ್ಲಿ. ಹುಳುವಿನ ಕರುಳಿನಲ್ಲಿ ಆಗುವುದೂ ಅದೇ. ಸುಣ್ಣ ಹರಳನ್ನು ಕರಗಿಸಿದರೆ ಒಳಗಿನ ವೈರಸ್ ನಿವಾರಕಕ್ಕೆ ಸಿಗುತ್ತದೆ. ನೆಲ ಒಂದೇ ಅಲ್ಲ, ತಟ್ಟೆ, ಬಲೆ, ಚಂದ್ರಿಕೆ (ಹುಳು ಗೂಡು ಕಟ್ಟುವ ಚೌಕಟ್ಟು) ಎಲ್ಲಕ್ಕೂ ಹಾಕಿ.