ಸಹಾಯ ಬೇಕು: ಮನೆ ಹಿಂದಿನ ಹಳ್ಳದಿಂದ ಕರೆಂಟು (ಕಿರು ಜಲವಿದ್ಯುತ್)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆಯ ಒಂಟಿ ಮನೆ, ಗುಡ್ಡದ ಬುಡದಲ್ಲಿ ಅಡಿಕೆ ತೋಟ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಚಾವಣಿಯ ಸೋಲಾರ್ ಬೇಸಿಗೆಯಲ್ಲಿ ಚೆನ್ನಾಗಿದೆ, ಆಷಾಢದ ಮೋಡಕ್ಕೆ ಬ್ಯಾಟರಿ ತುಂಬುವುದೇ ಇಲ್ಲ. ಅದೇ ಹೊತ್ತಿಗೆ ಮನೆ ಹಿಂದೆ ಹಳ್ಳ ಭೋರ್ಗರೆಯುತ್ತಿರುತ್ತದೆ! ಹಾಗಾಗಿ ಪಿಕೋ ಹೈಡ್ರೋ (ಒಂದು ಮನೆಗೆ ಸಾಕಾಗುವಷ್ಟು ಪುಟ್ಟ ಜಲವಿದ್ಯುತ್ ಘಟಕ) ಹಾಕಿಸುವ ಆಸೆ.

ನಳಿಕೆ ಮಟ್ಟ (ನೀರು ತುಂಬಿದ ಪಾರದರ್ಶಕ ನಳಿಕೆ) ಹಿಡಿದು ಅಳೆದಾಗ ನೀರು ಇಳಿಯುವ ಎತ್ತರ 20 ಮೀಟರ್ ಬಂತು. ಸೆಕೆಂಡಿಗೆ 10 ಲೀಟರ್ ನೀರು ತಿರುಗಿಸಬಹುದು. ಲೆಕ್ಕದಲ್ಲಿ ಇದು ಹತ್ತಿರಹತ್ತಿರ 2 ಕಿಲೋವಾಟ್. ಟರ್ಬೈನು (ನೀರಿನ ರಭಸಕ್ಕೆ ತಿರುಗುವ ಚಕ್ರ), ಜನರೇಟರ್‌ಗಳ ನಷ್ಟ ಕಳೆದು 1 ಕಿಲೋವಾಟ್ ಸಿಕ್ಕರೂ ಹಗಲು ರಾತ್ರಿ ಓಡಿದರೆ ದಿನಕ್ಕೆ 24 ಯೂನಿಟ್. ನಮಗೆ ಧಾರಾಳ.

ಹಳ್ಳದಿಂದ ಟರ್ಬೈನಿಗೆ ನೀರು ತರಲು ಪೈಪು 120 ಮೀಟರ್ ಬೇಕು. 75 ಮಿ.ಮೀ. ಪಿವಿಸಿ ಅಗ್ಗ, ಆದರೆ ಇಷ್ಟು ನೀರಿಗೆ ಘರ್ಷಣೆಯಲ್ಲೇ ಅರ್ಧದಷ್ಟು ಎತ್ತರ ವ್ಯರ್ಥವಾಗುತ್ತದೆ. 110 ಮಿ.ಮೀ. ಆದರೆ ನಷ್ಟ ಒಂದೆರಡು ಮೀಟರ್ ಮಾತ್ರ. ಅದನ್ನೇ ಹಾಕುವುದು ಖಚಿತ.

ಗೊಂದಲ ಇರುವುದು ಮುಂದೆ. ಟರ್ಬೈನಿನಲ್ಲಿ ಪೆಲ್ಟನ್, ಟರ್ಗೋ ಎಂಬ ಬಗೆಗಳಿವೆ; ಈ ಎತ್ತರಕ್ಕೆ ಪೆಲ್ಟನ್ ಚಕ್ರ ಸಾಕೇ, ಟರ್ಗೋ ಒಳ್ಳೆಯದೇ? ಮನೆಯಲ್ಲಿ ಬಳಕೆ ಇಳಿದಾಗ ಟರ್ಬೈನು ವೇಗ ಹೆಚ್ಚಿ ವೋಲ್ಟೇಜ್ ಏರದಂತೆ, ಮಿಕ್ಕ ಕರೆಂಟನ್ನು ಹೀಟರ್‌ಗೆ ಕಳಿಸುವ ಲೋಡ್ ಕಂಟ್ರೋಲರ್ ಬೇಕಂತೆ. ಮಳೆಗಾಲದ ತೇವಕ್ಕೆ ಅದು ತಾಳುತ್ತದೆಯೇ? ಹಾಳಾದರೆ ರಿಪೇರಿ ಯಾರು ಮಾಡುತ್ತಾರೆ? ತರಗೆಲೆ ತಡೆಯಲು ನೀವು ಎಂಥ ಜಾಲರಿ ಹಾಕಿದ್ದೀರಿ?

ಮಲೆನಾಡಲ್ಲಿ ಇಂಥದ್ದನ್ನು ನಡೆಸುತ್ತಿರುವವರು ದಯವಿಟ್ಟು ಬರೆಯಿರಿ. ಹತ್ತಿರದಲ್ಲಿದ್ದರೆ ಬಂದು ನೋಡುತ್ತೇನೆ.