ಜಾಮಿತ್ರ ಎಲ್ಲಿಯ ಪದ? ಗ್ರೀಕರ ಜಾತಕದಲ್ಲಿ ಮದುವೆ

ಓಲೆಗರಿ:
ಅಣ್ಣನ ಮಗಳ ಮದುವೆಗೆ ಮುಹೂರ್ತ ಕೇಳಲು ಹೋಗಿದ್ದೆ. ಜೋಯಿಸರು ಒಂದು ಲಗ್ನ (ಆ ಹೊತ್ತಿಗೆ ಪೂರ್ವದಲ್ಲಿ ಮೂಡುವ ರಾಶಿ) ನೋಡಿ "ಇದಕ್ಕೆ ಜಾಮಿತ್ರ ಶುದ್ಧಿ ಇಲ್ಲ" ಎಂದರು. ಅಂದರೆ ಲಗ್ನದಿಂದ ಎಣಿಸಿದರೆ ಖಾಲಿ ಇರಬೇಕಾದ ಏಳನೇ ಮನೆಯಲ್ಲಿ ಗ್ರಹ ಕೂತಿದೆ. ಮನೆಗೆ ಬಂದು ಆ ಪದದ ಬೆನ್ನು ಹತ್ತಿದೆ. ಅದರ ಮೂಲ ಸಂಸ್ಕೃತ ಅಲ್ಲವೇ ಅಲ್ಲ! ಗ್ರೀಕರ 'ಡಿಯಾಮೆಟ್ರೋಸ್', ಶಾಲೆಯಲ್ಲಿ ವೃತ್ತದ ನಡುವೆ ಗೆರೆ ಎಳೆದು ಕಲಿತ ಅದೇ ಡಯಾಮೀಟರ್. ಲಗ್ನಕ್ಕೆ ನೇರ ಎದುರಿನ ಮನೆ, ಅದಕ್ಕೇ ಆ ಹೆಸರು. ಜ್ಯೋತಿಷ್ಯದ ಹೋರಾ, ಕೇಂದ್ರ, ದ್ರೇಕ್ಕಾಣ ಎಂಬ ಪದಗಳು ಕೂಡ ಅಲ್ಲಿಂದಲೇ ಬಂದವು. ಹಾಗಾಗಿ ನನ್ನ ವಾದ: ಏಳನೇ ಮನೆ, ಕುಜದೋಷ, ಜಾತಕ ಕೂಡಿಸುವುದು, ಎಲ್ಲಾ ಗ್ರೀಕರ ಸರಕು. ಒಪ್ಪದವರು ಹೇಳಿ.

ಪಡುವಣ ಗಾಳಿ:
ಪದದ ವಿಷಯದಲ್ಲಿ ಜಗಳ ಇಲ್ಲ. ಕಾಳಿದಾಸನ ಕುಮಾರಸಂಭವದಲ್ಲಿ ಏಳನೇ ಸರ್ಗದ ಮೊದಲ ಪದ್ಯ ನೋಡಿ. ಪಾರ್ವತಿಯ ಮದುವೆಯ ವಿಧಿ ಶುರು ಮಾಡಲು ಹಿಮವಂತ ಹಿಡಿಯುವುದು ಜಾಮಿತ್ರ ಗುಣ ಇರುವ ತಿಥಿಯನ್ನೇ. ಸಾಕ್ಷಾತ್ ಶಿವನ ಮದುವೆಗೂ ಗ್ರೀಕ್ ಪದ ಬೇಕಾಯಿತು!

ಆದರೆ ಪದ ಬಂದ ಮಾತ್ರಕ್ಕೆ ಪದ್ಧತಿಯೂ ಪೂರ್ತಿ ಬಂತು ಅನ್ನುವುದು ಅವಸರ. ಅಲೆಕ್ಸಾಂಡ್ರಿಯಾದ ಜ್ಯೋತಿಷಿ ಟಾಲೆಮಿಯನ್ನೇ ತಗೊಳ್ಳಿ, 2ನೇ ಶತಮಾನ. 'ಟೆಟ್ರಾಬಿಬ್ಲೋಸ್'ನ ನಾಲ್ಕನೇ ಪುಸ್ತಕದಲ್ಲಿ ಮದುವೆಗೆ ಒಂದು ಅಧ್ಯಾಯ ಇಟ್ಟಿದ್ದಾನೆ. ಅಲ್ಲಿ ಗಂಡಸಿನ ಮದುವೆಗೆ ಚಂದ್ರನನ್ನು ನೋಡು, ಹೆಂಗಸಿನ ಮದುವೆಗೆ ಸೂರ್ಯನನ್ನು ನೋಡು ಅನ್ನುತ್ತಾನೆ. ಚಂದ್ರ ಪೂರ್ವದ ಕಾಲುಭಾಗಗಳಲ್ಲಿ ಇದ್ದರೆ ಚಿಕ್ಕ ವಯಸ್ಸಿಗೇ ಮದುವೆ, ಇಲ್ಲವೇ ತನಗಿಂತ ಚಿಕ್ಕವಳ ಜೊತೆ. ಪಶ್ಚಿಮದಲ್ಲಿ ಇದ್ದರೆ ತಡವಾಗಿ, ಇಲ್ಲವೇ ದೊಡ್ಡವಳ ಜೊತೆ. ಏಳನೇ ಮನೆಗೆ ಅವನು ಮುಂದಿನ ಸಾಲು ಕೊಟ್ಟೇ ಇಲ್ಲ.

ಓಲೆಗರಿ:
ಟಾಲೆಮಿ ಒಬ್ಬನೇ ಗ್ರೀಕನಾ? ಜ್ಯೋತಿಷ್ಯವನ್ನು ಲ್ಯಾಟಿನ್ ಪದ್ಯದಲ್ಲಿ ಬರೆದ ಮ್ಯಾನಿಲಿಯಸ್ ಇನ್ನೂ ಹಿಂದಿನವನು. ಸೂರ್ಯ ಮುಳುಗುವ ಕೋನಕ್ಕೆ ಮದುವೆಯನ್ನು ಕೊಟ್ಟವನು. ಅದೇ ಏಳನೇ ಮನೆ ಅಲ್ವಾ?

ಪಡುವಣ ಗಾಳಿ:
ಹೌದು, ಆದರೆ ಅದೇ ಕೋನಕ್ಕೆ ಔತಣ, ಮುಪ್ಪು, ಕೆಲಸ ಮುಗಿಸುವುದು ಇವನ್ನೂ ಕೊಟ್ಟಿದ್ದಾನೆ. ಮದುವೆ, ಊಟ, ಮುಪ್ಪು. ಒಂದು ಲೆಕ್ಕಕ್ಕೆ ಸರಿಯಾದ ಕ್ರಮವೇ ಬಿಡಿ.

ಲೆಕ್ಕದ ಮೇಷ್ಟ್ರು:
ಇಬ್ಬರೂ ಮನೆ ಮನೆ ಅಂತ ಕೂತಿದ್ದೀರಿ. ಮದುವೆ ವಿಚಾರದಲ್ಲಿ ಗ್ರೀಕರ ನಿಜವಾದ ಕೈಚಳಕ ಇರುವುದು 'ಕ್ಲೇರೋಸ್' ಅನ್ನುವುದರಲ್ಲಿ. ಕ್ಲೇರೋಸ್ ಅಂದರೆ ಚೀಟಿ ಎತ್ತಿದಾಗ ಬರುವ ಪಾಲು. ಎರಡು ಗ್ರಹಗಳ ನಡುವಿನ ದೂರವನ್ನು ಲಗ್ನದಿಂದ ಎಣಿಸಿದರೆ ಆಕಾಶದಲ್ಲಿ ಒಂದು ಖಾಲಿ ಬಿಂದು ಸಿಗುತ್ತದೆ. ಅದೇ ಮದುವೆಯ ಬಿಂದು.

ಗಂಡಸಿಗೆ ಶನಿಯಿಂದ ಶುಕ್ರನವರೆಗೆ ಎಣಿಸಬೇಕು, ಹೆಂಗಸಿಗೆ ಶುಕ್ರನಿಂದ ಶನಿಯವರೆಗೆ. ಒಂದು ರಾಶಿಗೆ 30 ಡಿಗ್ರಿ. ಶನಿ ಮೇಷ 10 ಡಿಗ್ರಿ, ಶುಕ್ರ ಮಿಥುನ 25, ಲಗ್ನ ಸಿಂಹ 5 ಅಂತ ಇಟ್ಟುಕೊಳ್ಳಿ. ಶನಿಯಿಂದ ಶುಕ್ರನಿಗೆ 75 ಡಿಗ್ರಿ. ಸಿಂಹ 5ಕ್ಕೆ 75 ಕೂಡಿಸಿ, ತುಲಾ 20 ಬಂತು. ಅದೇ ಹೊತ್ತಿಗೆ ಹುಟ್ಟಿದವಳು ಹೆಣ್ಣುಮಗಳಾದರೆ 360ರಲ್ಲಿ 75 ಕಳೆದು 285 ಕೂಡಿಸಬೇಕು, ವೃಷಭ 20 ಬರುತ್ತದೆ. ಒಂದೇ ಗಳಿಗೆಯಲ್ಲಿ ಹುಟ್ಟಿದ ಅವಳಿ ಅಣ್ಣ ತಂಗಿಗೆ ಬೇರೆ ಬೇರೆ ಬಿಂದು.

ಈಗ ಮಜಾ ನೋಡಿ. ಅಂಟಿಯೋಕ್‌ನ ಜ್ಯೋತಿಷಿ ವೆಟ್ಟಿಯಸ್ ವಾಲೆನ್ಸ್ ಕೂಡ 2ನೇ ಶತಮಾನದವನು. ಅವನ ಸೂತ್ರ ಬೇರೆ. ಗಂಡಸಿಗೆ ಸೂರ್ಯನಿಂದ ಶುಕ್ರ, ಹೆಂಗಸಿಗೆ ಚಂದ್ರನಿಂದ ಕುಜ. ಆದರೆ ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಹಾಗಾಗಿ ವಾಲೆನ್ಸ್ ಲೆಕ್ಕದಲ್ಲಿ ಗಂಡಸಿನ ಮದುವೆಯ ಬಿಂದು ಯಾವಾಗಲೂ ಲಗ್ನದ ಆಚೀಚೆಯೇ ಬೀಳುತ್ತದೆ. ಏಳನೇ ಮನೆಗೆ ಎಂದಿಗೂ ತಲುಪುವುದಿಲ್ಲ! ಓಲೆಗರಿ ಅವರೇ, ನಿಮ್ಮ ಜಾಮಿತ್ರದ ಎದುರು ದಡದಲ್ಲೇ ಅದರ ವಾಸ.

ಕಾಫಿ ಚೆಲ್ಲಿದವಳು:
ಮೇಷ್ಟ್ರೇ, ಹೆಂಗಸಿಗೆ ಕುಜ ಯಾಕೆ, ಶನಿ ಯಾಕೆ? ಗಂಡ ಅಂದರೆ ಈ ಇಬ್ಬರೇನಾ? ಗುರು ಅಷ್ಟು ದುಬಾರಿಯಾ?

ಲೆಕ್ಕದ ಮೇಷ್ಟ್ರು:
ಟಾಲೆಮಿ ಗುರುವಿಗೂ ಜಾಗ ಕೊಟ್ಟಿದ್ದಾನೆ ಮೇಡಂ. ಶನಿ ಸೇರಿದರೆ ದುಡಿಯುವ, ಗಂಭೀರ ಗಂಡ. ಗುರು ಸೇರಿದರೆ ಘನತೆಯವನು. ಕುಜ ಸೇರಿದರೆ ಪ್ರೀತಿ ಕಡಿಮೆ, ಹೇಳಿದ ಮಾತು ಕೇಳದವನು. ಹೆಂಡತಿಯರಿಗೂ ಇಂಥದೇ ಪಟ್ಟಿ ಇದೆ.

ಕಾಫಿ ಚೆಲ್ಲಿದವಳು:
ಹಾಗಾದರೆ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಕುಜ ಇದ್ದಾನೆ.

ಕುಜದೋಷದ ವಿಷಯಕ್ಕೇ ಬರುತ್ತೇನೆ. ಅದು ಗ್ರೀಕರದ್ದು ಅನ್ನುವುದನ್ನು ನಾನು ಒಪ್ಪಲ್ಲ. 1, 4, 7, 8, 12ರಲ್ಲಿ ಕುಜ ಇದ್ದರೆ ದೋಷ ಅನ್ನುವ ನಮ್ಮ ಪಟ್ಟಿ ಟಾಲೆಮಿಯಲ್ಲಿ ಹುಡುಕಿದರೆ ಸಿಗಲ್ಲ. ಗ್ರೀಕರು ಮೊದಲು ಕೇಳುವುದು ಹುಟ್ಟಿದ್ದು ಹಗಲೋ ರಾತ್ರಿಯೋ ಅಂತ. ಹಗಲಲ್ಲಿ ಹುಟ್ಟಿದವರಿಗೆ ಕುಜನ ಕಾಟ ಜಾಸ್ತಿ, ರಾತ್ರಿ ಹುಟ್ಟಿದವರಿಗೆ ಶನಿಯ ಕಾಟ ಜಾಸ್ತಿ. ನನ್ನದು ರಾತ್ರಿ ಹನ್ನೊಂದರ ಜನ್ಮ. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದ್ದರೆ ನಾಲ್ಕು ವರ್ಷ ಸಂಬಂಧಗಳು ತಪ್ಪುತ್ತಿರಲಿಲ್ಲ.

ಓಲೆಗರಿ:
ಸರಿ, ಕುಜದೋಷ ವಾಪಸ್ ತಗೊಂಡೆ. ಜಾತಕ ಕೂಡಿಸುವುದು?

ಪಡುವಣ ಗಾಳಿ:
ಅದು ಅರ್ಧ ನಿಜ. ಗಂಡ ಹೆಂಡತಿ ಇಬ್ಬರ ಜಾತಕದ ಸೂರ್ಯ ಚಂದ್ರರು ತ್ರಿಕೋನದಲ್ಲೋ (120 ಡಿಗ್ರಿ) 60 ಡಿಗ್ರಿಯಲ್ಲೋ ಕೂಡಿಬಂದರೆ ಸಂಸಾರ ಬಾಳಿಕೆ ಬರುತ್ತದೆ ಅಂತ ಟಾಲೆಮಿ ಬರೆದಿದ್ದಾನೆ. ಅವನ ಚಂದ್ರ, ಇವಳ ಸೂರ್ಯ ಹಾಗೆ ಕೂಡಿದರೆ ಇನ್ನೂ ಗಟ್ಟಿ. ಎದುರುಬದುರು ಬಿದ್ದರೆ ಬಿಡುಗಡೆ. ನಮ್ಮ ಕೂಟಗಳು ನಿಂತಿರುವುದು ಜನ್ಮನಕ್ಷತ್ರದ ಮೇಲೆ, ಅವನ ಲೆಕ್ಕದಲ್ಲಿ 27 ನಕ್ಷತ್ರಗಳೇ ಇಲ್ಲ. ಇನ್ನೊಂದು ಮಾತು. ಗಂಡು ಹೆಣ್ಣು ಕಾನೂನಿನ ಪ್ರಕಾರ ಕೂಡಿ ಬಾಳುವುದಕ್ಕೆ ಅವನು ಬಳಸುವ ಪದ 'ಸಿಂಬಿಯೋಸಿಸ್'. ಜೀವಶಾಸ್ತ್ರದ ಪಾಠದಲ್ಲಿ ನಾವು ಸಹಜೀವನ ಅಂತ ಓದಿದ್ದು ಅದನ್ನೇ.

ಸುಮ್ನೆ ಓದುಗ:
ಇಷ್ಟು ಹೊತ್ತು ಓದಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಈ ಶಾಸ್ತ್ರಿಗಳು ಆಕಾಶ ನೋಡುತ್ತಿದ್ದರೋ, ಊರು ನೋಡುತ್ತಿದ್ದರೋ? ಟಾಲೆಮಿಯ ಅದೇ ಅಧ್ಯಾಯದಲ್ಲಿ ಒಡಹುಟ್ಟಿದವರ ನಡುವಿನ ಸಂಬಂಧಕ್ಕೂ ಗ್ರಹಯೋಗ ಇದೆ. ಓದಿದರೆ ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ ರೋಮನ್ನರ ಕಾಲದ ಈಜಿಪ್ಟಿನಲ್ಲಿ 14 ವರ್ಷಕ್ಕೊಮ್ಮೆ ನಡೆದ ಜನಗಣತಿಯ ಪಪೈರಸ್ ಹಾಳೆಗಳು ಸಿಕ್ಕಿವೆ. ಅವುಗಳಲ್ಲಿ ಸಾಮಾನ್ಯ ಮನೆಗಳಲ್ಲೇ ಅಣ್ಣ ತಂಗಿ ಗಂಡ ಹೆಂಡತಿಯಾಗಿ ಹೆಸರು ಬರೆಸಿದ್ದಾರೆ. ಊರಲ್ಲಿ ನಡೆಯುತ್ತಿತ್ತು, ಜಾತಕಕ್ಕೂ ಬಂತು. ಸಿಡೋನ್‌ನ ಜ್ಯೋತಿಷಿ ಡೊರೊಥಿಯಸ್ ದಾಸಿಯನ್ನು ಮದುವೆಯಾಗುವವರ ಯೋಗ ಹೇಳುತ್ತಾನೆ. ಅದೂ ಅಷ್ಟೇ.

ಲೆಕ್ಕದ ಮೇಷ್ಟ್ರು:
ಒಳ್ಳೆ ಮಾತು. ಆದರೆ ಡೊರೊಥಿಯಸ್ ಬಗ್ಗೆ ಹುಷಾರು. 1ನೇ ಶತಮಾನದಲ್ಲಿ ಅವನು ಗ್ರೀಕಿನಲ್ಲಿ ಪದ್ಯವಾಗಿ ಬರೆದದ್ದರಲ್ಲಿ ಚೂರುಪಾರು ಮಾತ್ರ ಉಳಿದಿದೆ. ನಮ್ಮ ಕೈಯಲ್ಲಿ ಇರುವುದು ಪಹ್ಲವಿಗೆ (ಮಧ್ಯ ಪರ್ಷಿಯನ್) ಹೋಗಿ, ಅಲ್ಲಿಂದ ಅರಬ್ಬಿಗೆ ಬಂದ ಪಠ್ಯ. ವಿದ್ವಾಂಸ ಡೇವಿಡ್ ಪಿಂಗ್ರಿ ಅದನ್ನು 1976ರಲ್ಲಿ ಅಚ್ಚು ಹಾಕಿಸಿದರು. ಮೂರು ಕೈ ದಾಟಿದ ಸಾರು, ಉಪ್ಪು ಯಾರು ಹಾಕಿದರು ಅಂತ ಹೇಳುವುದು ಕಷ್ಟ.

ಸುಮ್ನೆ ಓದುಗ:
ಹಾಗಾದರೆ ಗ್ರೀಕರಿಂದ ನಮಗೆ ಬಂದದ್ದು ಯಾವಾಗ ಅನ್ನುವುದಾದರೂ ಗಟ್ಟಿಯಾ?

ಪಡುವಣ ಗಾಳಿ:
ಅದೂ ಇಲ್ಲ. ಗ್ರೀಕರ ಜ್ಯೋತಿಷ್ಯವನ್ನು ಸಂಸ್ಕೃತದಲ್ಲಿ ಹೇಳುವ ಯವನಜಾತಕ ಕ್ರಿ.ಶ. 269–70ರದ್ದು ಅಂತ ಇದೇ ಪಿಂಗ್ರಿ ಹೇಳಿದ್ದರು. 2013ರಲ್ಲಿ ವಿದ್ವಾಂಸ ಬಿಲ್ ಮಾಕ್ ಹಸ್ತಪ್ರತಿಗಳನ್ನು ಮತ್ತೆ ಓದಿ ಆ ಲೆಕ್ಕ ನಿಲ್ಲುವುದಿಲ್ಲ ಎಂದರು.

ಓಲೆಗರಿ:
ನನ್ನ ವಾದದಲ್ಲಿ ಪದ ಒಂದೇ ಉಳಿಯಿತು ಅನ್ನಿ. ಇವತ್ತು ಬೆಳಗ್ಗೆ ಜೋಯಿಸರಿಗೆ ಡಿಯಾಮೆಟ್ರೋಸ್ ಕಥೆ ಹೇಳಿದೆ. ಪಂಚಾಂಗದಿಂದ ತಲೆ ಎತ್ತದೆ "ಯಾರದ್ದಾದರೂ ಆಗಲಿ, ಏಳನೇ ಮನೆ ಖಾಲಿ ಇರಬೇಕು" ಎಂದರು. ಎರಡು ಗಂಟೆ ಮುಂದೂಡಿ ಇನ್ನೊಂದು ಲಗ್ನ ಬರೆದುಕೊಟ್ಟರು. ಛತ್ರದವರಿಗೆ ಫೋನ್ ಮಾಡಬೇಕು ಈಗ.